ಕಿರಾಣಿ ಅಂಗಡಿಯ 'ಫ್ರೀ' ಸಾಮಾನು: ಹಳೆ ಕಾರ್ಡು, ಟ್ಯಾಜೋ, ಬಿಲ್ಲೆ ಹುಡುಕಿ ಕಾಪಾಡುವುದು ಹೇಗೆ

ಸಾಮಾನಿನ ಜೊತೆ ಫ್ರೀ ಬಂದಿದ್ದನ್ನು ಕೂಡಿಡುವ ಹವ್ಯಾಸ ಅಮೆರಿಕದವರಿಗೆ ಬೆಳಗಿನ ತಿಂಡಿಯ ಡಬ್ಬದಿಂದ ಬಂತು. ಕೆಲ್ಲಾಗ್ಸ್ ಕಂಪನಿ 1909ರಲ್ಲೇ ಕಾರ್ನ್ ಫ್ಲೇಕ್ಸ್ ಕೊಂಡವರಿಗೆ ಮಕ್ಕಳ ಚಿತ್ರಪುಸ್ತಕ ಕೊಡಲು ಶುರು ಮಾಡಿತ್ತು. ಅದೇ ಕಂಪನಿ ಭಾರತಕ್ಕೆ ಬಂದಿದ್ದು 1994ರಲ್ಲಿ. ಬಂದರೂ ನಮ್ಮ ಕಲಬುರಗಿ, ಬೀದರ್, ಯಾದಗಿರಿ ಕಡೆ ಅದನ್ನು ಕೇಳಿದವರು ಯಾರು? ಬೆಳಗ್ಗೆ ಸುಸಲಾ, ಇಲ್ಲ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಅದರ ಜೊತೆ ಆಟಿಕೆ ಬರುವುದಿಲ್ಲ.

ನಮಗೆ ಫ್ರೀ ಸಾಮಾನು ಬಂದಿದ್ದು ಓಣಿ ಮೂಲೆಯ ಕಿರಾಣಿ ಅಂಗಡಿಯಿಂದ. ಬಬಲ್ ಗಮ್ ಜೊತೆ ಕ್ರಿಕೆಟ್ ಆಟಗಾರರ ಚಿತ್ರ, ಬೂಮರ್ ಗಮ್ ಜೊತೆ ಕೈಗೆ ಅಂಟಿಸಿಕೊಳ್ಳುವ ಟ್ಯಾಟೂ, ಚೀಟೋಸ್ ಕುರುಕಲು ತಿಂಡಿಯ ಪಾಕೀಟಿನಲ್ಲಿ ಟ್ಯಾಜೋ ಅನ್ನುವ ಚಿತ್ರವಿರುವ ಗುಂಡನೆ ಪ್ಲಾಸ್ಟಿಕ್ ತುಂಡು, ಬಿನಾಕಾ ಟೂತ್‌ಪೇಸ್ಟ್ ಡಬ್ಬಿಯಲ್ಲಿ ಉಗುರಿನಷ್ಟು ದೊಡ್ಡ ಪ್ಲಾಸ್ಟಿಕ್ ಪ್ರಾಣಿ. ಇವುಗಳ ಜೊತೆಗೆ ಯಾರೂ ಫ್ರೀ ಅಂತ ಕೊಡದಿದ್ದರೂ ನಾವೇ ಫ್ರೀ ಮಾಡಿಕೊಂಡಿದ್ದವು: ಸೋಡಾ ಬಾಟಲಿ ಬಿಲ್ಲೆ, ಕಡ್ಡಿಪೆಟ್ಟಿಗೆ ಚಿತ್ರ, ಖಾಲಿ ಸಿಗರೇಟ್ ಪಾಕೀಟು.

ಇವನ್ನು ಮತ್ತೆ ಹುಡುಕಿ ಇಟ್ಟುಕೊಳ್ಳಬೇಕು ಅನ್ನುವವರಿಗೆ ಈ ಬರಹ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಂಚೆಚೀಟಿಗೆ, ನಾಣ್ಯಕ್ಕೆ ದಪ್ಪ ದಪ್ಪ ಕ್ಯಾಟಲಾಗು ಇವೆ. ನಮ್ಮ ನಾಲ್ಕಾಣೆ ಗಮ್ಮಿನ ಚಿತ್ರಕ್ಕೆ ಅಂಥದ್ದು ಇಲ್ಲ. ಹಾಗಾಗಿ ಸಾಮಾನು ಎಷ್ಟು ಮುಖ್ಯವೋ, ಅದು ಯಾರ ಮನೆಯದು, ಯಾವ ಊರಿನ ಅಂಗಡಿಯದು, ಯಾವ ಕಾಲದ್ದು ಅನ್ನುವ ಚೀಟಿಯೂ ಅಷ್ಟೇ ಮುಖ್ಯ. ಇನ್ನು ಕೆಲಸಕ್ಕೆ ಬರೋಣ.

ಹಂತ 1: ಏನು ಬೇಕು ಅಂತ ತೀರ್ಮಾನ ಮಾಡಿ

ಎಲ್ಲವನ್ನೂ ಕೂಡಿಹಾಕಲು ಹೋದರೆ ಮನೆ ಗುಜರಿ ಅಂಗಡಿ ಆಗುತ್ತದೆ, ಮನೆಯವರ ಕೈಲಿ ಬೈಸಿಕೊಳ್ಳುವುದು ಬೇರೆ. ಒಂದು ಗೆರೆ ಹಾಕಿಕೊಳ್ಳಿ. ಬರೀ ಕ್ರಿಕೆಟ್, ಅಥವಾ ಬರೀ ಕುಸ್ತಿ ಟ್ರಂಪ್ ಕಾರ್ಡು, ಅಥವಾ 2000ಕ್ಕಿಂತ ಮುಂಚಿನದು ಮಾತ್ರ. ನನ್ನ ಕೇಳಿದರೆ ನೀವು ಆಗ ಆಡಿದ ವಸ್ತುವಿನಿಂದಲೇ ಶುರು ಮಾಡಿ, ಯಾಕಂದರೆ ಅದರ ಅಸಲು ನಕಲು ನಿಮ್ಮ ಬೆರಳಿಗೇ ಗೊತ್ತಿರುತ್ತದೆ.

ನಮ್ಮ ಭಾಗದವರಿಗೆ ನಾನು ವಿಶೇಷವಾಗಿ ಹೇಳುವುದು ಸಿಗರೇಟ್ ಪಾಕೀಟಿನ ಬಗ್ಗೆ. ಹುಡುಗರು ಖಾಲಿ ಪಾಕೀಟಿನ ಮುಂಭಾಗ ಹರಿದು, ಚಪ್ಪಟೆ ಮಾಡಿ, ಗುಂಡಗೆ ಗೆರೆ ಎಳೆದು ಅದರೊಳಗೆ ಒಟ್ಟಿ, ಚಪ್ಪಟೆ ಕಲ್ಲಿನಿಂದ ಹೊಡೆದು ಹೊರಗೆ ಹಾರಿಸುತ್ತಿದ್ದರು. ಒಂದೊಂದು ಬ್ರಾಂಡಿಗೆ ಒಂದೊಂದು ಬೆಲೆ. ಚಾರ್ಮಿನಾರ್ ಎಲ್ಲ ಕಡೆ ಬಿದ್ದಿರುತ್ತಿತ್ತು, ಹಾಗಾಗಿ ಅದಕ್ಕೆ ಕಡಿಮೆ. ಅದು ಹೈದರಾಬಾದಿನ ವಜೀರ್ ಸುಲ್ತಾನ್ ಕಂಪನಿಯ ಮಾಲು, ಮತ್ತೆ ನಮ್ಮ ಜಿಲ್ಲೆಗಳು 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಮಜಾ ಏನಂದರೆ, ಜಗತ್ತಿನ ಟ್ರೇಡಿಂಗ್ ಕಾರ್ಡಿನ ಮೂಲವೂ ಸಿಗರೇಟೇ. 1880ರ ದಶಕದಲ್ಲಿ ಅಮೆರಿಕದ ಕಂಪನಿಗಳು ಮೆತ್ತನೆ ಪಾಕೀಟು ಮಡಚಿಕೊಳ್ಳಬಾರದು ಅಂತ ಒಳಗೆ ಒಂದು ರಟ್ಟು ಇಡುತ್ತಿದ್ದವು. ಆ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಿದ್ದೇ ಕಾರ್ಡು ಆಯಿತು. ನಮ್ಮಲ್ಲಿ ಪಾಕೀಟೇ ಕಾರ್ಡು.

ಹಂತ 2: ಮೊದಲು ಮನೆ, ಆಮೇಲೆ ಪೇಟೆ

ದುಡ್ಡು ಬಿಚ್ಚುವ ಮುಂಚೆ ಊರಿನ ಮನೆಗೆ ಹೋಗಿ. ಆಯಿಯ ಸಂದೂಕ, ಅಟ್ಟದ ಮೇಲಿನ ಬಿಸ್ಕತ್ತಿನ ತಗಡಿನ ಡಬ್ಬಿ, ಗೋಡೆಯ ಗೂಡು, ಹೊಲಿಗೆ ಮಷೀನಿನ ಡ್ರಾಯರ್ ನೋಡಿ. ಗುಂಡಿ, ಸೂಜಿ ಇಡುವ ಡಬ್ಬಿಯ ತಳದಲ್ಲಿ ಬಿನಾಕಾ ಪ್ರಾಣಿ ಸಿಗುವುದು ಜಾಸ್ತಿ. ಹಳೆ ಪಾಠಪುಸ್ತಕ, ಕಂಪಾಸ್ ಬಾಕ್ಸ್ ಮುಚ್ಚಳದ ಒಳಭಾಗ, ಕಬ್ಬಿಣದ ಕಪಾಟಿನ ಬಾಗಿಲ ಹಿಂದೆ ಸ್ಟಿಕ್ಕರ್ ಇರುತ್ತದೆ. ಬಾಗಿಲಿಗೆ ಅಂಟಿದ್ದನ್ನು ಕೀಳಬೇಡಿ, ಫೋಟೋ ತೆಗೆದುಕೊಳ್ಳಿ ಸಾಕು.

ಮುತ್ಯಾ, ಆಯಿ, ಕಾಕಾ ಯಾರಿದ್ದರೂ ಪಕ್ಕದಲ್ಲಿ ಕೂರಿಸಿಕೊಂಡೇ ಸಂದೂಕ ಬಿಚ್ಚಿ. "ಇದು ನಿಮ್ಮ ಅಪ್ಪ ಶಹಾಬಾದಕ್ಕ ಹೋದಾಗ ತಂದಿದ್ದು" ಅಂತ ಅವರು ಹೇಳುವ ಒಂದು ಮಾತು ಮುಂದೆ ಯಾರೂ ಹೇಳಲಾರರು. ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ.

ಆಮೇಲೆ ಪೇಟೆ. ಕಲಬುರಗಿಯ ಕಿರಾಣಾ ಬಜಾರ್, ಸೂಪರ್ ಮಾರ್ಕೆಟ್, ಗಂಜ್ ಸುತ್ತ, ಬೀದರಿನ ಚೌಬಾರಾ ಹತ್ತಿರ, ಯಾದಗಿರಿಯ ಸ್ಟೇಷನ್ ರೋಡಿನ ಕಡೆ, ಅಪ್ಪ ಮಗ ಇಬ್ಬರೂ ನಡೆಸಿದ ಹಳೆ ಅಂಗಡಿಗಳನ್ನು ಹುಡುಕಿ. ನಿಮಗೆ ಬೇಕಾಗಿರುವುದು ಮಾರಾಟದ ಮಾಲಲ್ಲ, ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತಿರುವ ಸಾಮಾನು. ಕಂಪನಿಯವರು ಕೊಟ್ಟು ಹೋದ ತಗಡಿನ ಬೋರ್ಡು, ಗಮ್ಮಿನ ಖಾಲಿ ಬರಣಿ, ಸ್ಕೀಮ್ ಮುಗಿದ ಮೇಲೆ ಉಳಿದ ಕಾರ್ಡಿನ ಕಟ್ಟು, ಹೀಗೆ. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ಹೋಗಿ. ಮೊದಲು ಏನಾದರೂ ಕೊಳ್ಳಿ, ಆಮೇಲೆ ಕೇಳಿ. ಸಾಮಾನ್ಯವಾಗಿ ಮಾತು ಹೀಗೆ ನಡೆಯುತ್ತದೆ:

"ಕಾಕಾ, ಹಳೇವು ಗಮ್ಮಿನ ಚಿತ್ರ, ಕಾರ್ಡ್ ಏನರ ಉಳದಾವೇನ್ರಿ?"

"ಅವು ತಗೊಂಡು ಏನ್ ಮಾಡ್ತಿಯೋ ತಮ್ಮಾ?"

"ಸುಮ್ನೆ ಇಟ್ಕೊಳ್ತೀನ್ರಿ. ಸಣ್ಣವರಿದ್ದಾಗ ಆಡೀವಿ."

ಇಷ್ಟು ಹೇಳಿದರೆ ಅರ್ಧ ಜನ ಏಣಿ ಹಾಕಿ ಹತ್ತುತ್ತಾರೆ. ಆನ್‌ಲೈನಿನಲ್ಲಿ ರೇಟು ಬರುತ್ತದೆ ಅಂತ ಬಾಯಿ ಬಿಟ್ಟಿರೋ, ಆ ಏಣಿ ಅಲ್ಲೇ ನಿಲ್ಲುತ್ತದೆ. ಹಾಗಂತ ಮೋಸವೂ ಬೇಡ. ನಿಜಕ್ಕೂ ಬೆಲೆ ಇರುವ ತಗಡಿನ ಬೋರ್ಡಿನಂಥದ್ದು ಸಿಕ್ಕರೆ ಸರಿಯಾದ ದುಡ್ಡು ಕೊಡಿ. ಮುಂದಿನ ಸಲ ಅವರೇ ಫೋನ್ ಮಾಡುತ್ತಾರೆ.

ರದ್ದಿ ಅಂಗಡಿಯವರಿಗೂ ಒಂದು ಮಾತು ಹೇಳಿಡಿ. ಮನೆ ಖಾಲಿ ಮಾಡುವವರ ಪುಸ್ತಕದ ಗಂಟಿನಲ್ಲಿ ಆಲ್ಬಮ್ ಬಂದರೆ ತೆಗೆದಿಡಲಿ. ಶರಣಬಸವೇಶ್ವರ ಜಾತ್ರೆಯಲ್ಲೂ ಬಂದೇ ನವಾಜ್ ಉರುಸಿನಲ್ಲೂ ಆಟಿಕೆ ಅಂಗಡಿ ಸಾಲು ಸಾಲು ಇರುತ್ತವೆ, ಆದರೆ ಅಲ್ಲಿರುವುದು ಹೊಸ ಮಾಲು. ತಿರುಗಾಡಿ, ಮಿರ್ಚಿ ಭಜಿ ತಿನ್ನಿ, ಹಳೆಯದು ಸಿಗಲಿಲ್ಲ ಅಂತ ಬೇಜಾರಾಗಬೇಡಿ. ಅದಕ್ಕಿಂತ ಭಾನುವಾರ ರೈಲು ಹತ್ತಿ ಹೈದರಾಬಾದಿಗೆ ಹೋಗಿ. ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತಿನ ಮೇಲೆ ಹಳೆ ಪುಸ್ತಕದ ಬಜಾರು ಕೂರುತ್ತದೆ. ಹಳೆ ಕ್ರೀಡಾ ಪತ್ರಿಕೆ, ಕಾಮಿಕ್ಸ್ ಹುಡುಕುವಾಗ ಪುಟಗಳ ಮಧ್ಯೆ ಬೆರಳಾಡಿಸಿ ನೋಡಿ, ಯಾರೋ ಹುಡುಗ ಇಟ್ಟು ಮರೆತ ಸ್ಟಿಕ್ಕರ್ ಇದ್ದರೂ ಇರಬಹುದು.

ಹಂತ 3: ಯಾವ ಕಾಲದ್ದು ಅಂತ ಪತ್ತೆ ಹಚ್ಚಿ

ನನಗೆ ಅತಿ ಇಷ್ಟದ ಕೆಲಸ ಇದು. ಮಾರುವವನು "ಎಪ್ಪತ್ತರ ದಶಕದ್ದು ಸರ್" ಅಂತಾನೆ. ನೀವು ಮಾತಾಡದೆ ಪಾಕೀಟು ತಿರುಗಿಸಿ ಹಿಂಭಾಗ ನೋಡಿ. ಸರ್ಕಾರದ ನಿಯಮಗಳು ಪಾಕೀಟಿನ ಮೇಲೆ ತಾರೀಖು ಬರೆದು ಹೋಗಿರುತ್ತವೆ.

ರೂಪಾಯಿ ಚಿಹ್ನೆ ₹ ಇದೆಯಾ? ಅದು ಜಾರಿಗೆ ಬಂದಿದ್ದೇ 2010ರ ಜುಲೈನಲ್ಲಿ. ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಲೈಸೆನ್ಸ್ ನಂಬರ್ ಇದ್ದರೆ 2011ರ ಈಚೆಗಿನದು. ಚೌಕದೊಳಗೆ ಹಸಿರು ಚುಕ್ಕೆ ಕಂಡರೆ 2001ರ ನಂತರದ್ದು. ಬೆಲೆಯ ಪಕ್ಕ "ಸ್ಥಳೀಯ ತೆರಿಗೆ ಪ್ರತ್ಯೇಕ" ಅನ್ನುವ ಅರ್ಥದ ಇಂಗ್ಲಿಷ್ ಸಾಲಿದ್ದರೆ ಖುಷಿಪಡಿ, 1990ರಲ್ಲಿ ಎಲ್ಲ ತೆರಿಗೆ ಸೇರಿದ ಎಂಆರ್‌ಪಿ ಕಡ್ಡಾಯ ಆಗುವ ಮುಂಚಿನ ಮಾಲು ಆಗಿರುವ ಸಾಧ್ಯತೆ ಜಾಸ್ತಿ. ವಿಳಾಸದಲ್ಲಿ ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ಕ್ಕಿಂತ ಹಳೆಯದಾಗಲು ಸಾಧ್ಯವೇ ಇಲ್ಲ.

ಸಿಗರೇಟ್ ಪಾಕೀಟಿಗೆ ಇನ್ನೂ ಸುಲಭ. ಆರೋಗ್ಯದ ಎಚ್ಚರಿಕೆ ಸಾಲು 1975ರ ಕಾಯ್ದೆಯಿಂದ ಬಂತು. ಚಿತ್ರದ ಎಚ್ಚರಿಕೆ ಬಂದಿದ್ದು 2009ರಲ್ಲಿ. ಎರಡೂ ಇಲ್ಲದ ಭಾರತದ ಪಾಕೀಟು ನಿಜಕ್ಕೂ ಹಳೆಯದು.

ಕಡ್ಡಿಪೆಟ್ಟಿಗೆಯಲ್ಲಿ ಬೆಲೆ ಹುಡುಕಿ. 2007ರ ತನಕ ಐವತ್ತು ಪೈಸೆ. ಅಲ್ಲಿಂದ 14 ವರ್ಷ ಒಂದು ರೂಪಾಯಿ. 2021ರ ಡಿಸೆಂಬರ್ 1ರಿಂದ ಎರಡು ರೂಪಾಯಿ. ತೆಳು ಮರದ ಪೆಟ್ಟಿಗೆಗೆ ಕಾಗದದ ಲೇಬಲ್ ಅಂಟಿಸಿದ್ದು ಹಳೆ ಪದ್ಧತಿ, ರಟ್ಟಿನ ಮೇಲೇ ನೇರವಾಗಿ ಅಚ್ಚು ಹಾಕಿದ್ದು ಆಮೇಲಿನದು.

ಬಾಟಲಿ ಬಿಲ್ಲೆಯನ್ನು ಮಗುಚಿ ನೋಡಿ. ಒಳಗೆ ಬೆಂಡಿನ ತಿರುಳು ಇದ್ದರೆ ಹಳೆಯದು, ಪ್ಲಾಸ್ಟಿಕ್ ಪದರ ಇದ್ದರೆ ನಂತರದ್ದು. ಪಾರ್ಲೆಯವರು ಥಮ್ಸ್ ಅಪ್, ಲಿಮ್ಕಾ, ಗೋಲ್ಡ್ ಸ್ಪಾಟ್ ಬ್ರಾಂಡುಗಳನ್ನು ಕೋಕಾ ಕೋಲಾಕ್ಕೆ ಮಾರಿದ್ದು 1993ರಲ್ಲಿ. ಬಿಲ್ಲೆ ಮೇಲೆ ಪಾರ್ಲೆ ಹೆಸರಿದೆಯಾ, ಕೋಕಾ ಕೋಲಾ ಹೆಸರಿದೆಯಾ ಅನ್ನುವುದರಿಂದ ಕಾಲ ಗೊತ್ತಾಗುತ್ತದೆ.

ಕುಸ್ತಿ ಕಾರ್ಡು ಗೊತ್ತಲ್ವಾ? ಎತ್ತರ, ತೂಕ, ಎದೆ, ತೋಳು, ರ‍್ಯಾಂಕು ಹೋಲಿಸಿ ಆಡುತ್ತಿದ್ದೆವಲ್ಲ, ಕೈಗೆ ಅಂಡರ್‌ಟೇಕರ್ ಬಂದರೆ ಓಣಿಯೆಲ್ಲ ಕೇಳುವಂತೆ ಕೂಗುತ್ತಿದ್ದೆವಲ್ಲ, ಅವೇ. ಆ ಕುಸ್ತಿ ಕಂಪನಿ ತನ್ನ ಹೆಸರನ್ನು ಡಬ್ಲ್ಯೂಡಬ್ಲ್ಯೂಎಫ್‌ನಿಂದ ಡಬ್ಲ್ಯೂಡಬ್ಲ್ಯೂಇ ಮಾಡಿಕೊಂಡಿದ್ದು 2002ರಲ್ಲಿ. ಹಾಗಾಗಿ ಡಬ್ಲ್ಯೂಡಬ್ಲ್ಯೂಇ ಅಂತಿರುವ ಕಾರ್ಡನ್ನು ತೊಂಬತ್ತರ ದಶಕದ್ದು ಅಂತ ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಿ.

ಬ್ರಿಟಾನಿಯಾದವರ ಸ್ಕೀಮಿನ, ನೂರು ರನ್ ಕೂಡಿಸಿದರೆ ಬಹುಮಾನ ಅಂತ ಮೇಲೆ ರನ್ ಅಚ್ಚಾಗಿರುವ ಬಿಸ್ಕತ್ ರ‍್ಯಾಪರ್ ಸಿಕ್ಕರೆ ಅದು 1999ರ ಇಂಗ್ಲೆಂಡ್ ವಿಶ್ವಕಪ್ ಹೊತ್ತಿನದು. ನೂರು ರನ್ ಕೂಡಿಸಲು ಎಷ್ಟು ಮನೆಯಲ್ಲಿ ಎಷ್ಟು ಚಹಾ ಬಿಸ್ಕತ್ತಿನ ಜೊತೆ ಖರ್ಚಾಯಿತೋ!

ನಮ್ಮ ಊರಿನ ಗುರುತುಗಳನ್ನೂ ಬಿಡಬೇಡಿ. ಅಂಗಡಿಯ ರಬ್ಬರ್ ಸ್ಟಾಂಪಿನಲ್ಲಿ ಗುಲ್ಬರ್ಗಾ ಅಂತಿದ್ದರೆ ಬಹುಶಃ 2014ರ ನವೆಂಬರ್ 1ರ ಹೆಸರು ಬದಲಾವಣೆಗಿಂತ ಮುಂಚಿನದು. ಬಹುಶಃ ಅಂದೆ, ಯಾಕಂದರೆ ಹಳೆ ಸ್ಟಾಂಪನ್ನು ಸವೆಯುವ ತನಕ ಒತ್ತುವ ಅಂಗಡಿಯವರು ನಮ್ಮಲ್ಲಿ ಕಡಿಮೆ ಇಲ್ಲ. ಯಾದಗಿರಿ ವಿಳಾಸದಲ್ಲಿ ಗುಲ್ಬರ್ಗಾ ಜಿಲ್ಲೆ ಅಂತಿದ್ದರೆ ಅದು 2009ರ ಕೊನೆಗೆ ಯಾದಗಿರಿ ಬೇರೆ ಜಿಲ್ಲೆ ಆಗುವ ಮುಂಚಿನದು.

ಹಂತ 4: ನಕಲು ಹಿಡಿಯಿರಿ

ಒಂದು ಭೂತಗನ್ನಡಿ ಕೊಳ್ಳಿ, ಹತ್ತು ಪಟ್ಟು ದೊಡ್ಡದು ಮಾಡುವಂಥದ್ದು. ಅಕ್ಕಸಾಲಿಗರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥದ್ದು. ಕಾರ್ಡಿನಲ್ಲಿ ಆಟಗಾರನ ಕೆನ್ನೆಯ ಮೇಲೆ ಇಟ್ಟು ನೋಡಿ. ಹಳೆ ಆಫ್‌ಸೆಟ್ ಮುದ್ರಣವಾದರೆ ನೀಲಿ, ಗುಲಾಬಿ, ಹಳದಿ, ಕಪ್ಪು ಚುಕ್ಕೆಗಳು ಸಾಲಾಗಿ, ಸಣ್ಣ ಸಣ್ಣ ಹೂವಿನ ಹಾಗೆ ಕೂತಿರುತ್ತವೆ. ಮನೆಯ ಇಂಕ್‌ಜೆಟ್ ಪ್ರಿಂಟರಿನಲ್ಲಿ ತೆಗೆದ ನಕಲಾದರೆ ಚುಕ್ಕೆಗಳಿಗೆ ಸಾಲೇ ಇರುವುದಿಲ್ಲ, ಚೆಲ್ಲಾಪಿಲ್ಲಿ. ಅಕ್ಷರಗಳ ಅಂಚು ನೋಡಿ. ಅಸಲಿನಲ್ಲಿ ಕಪ್ಪು ಅಕ್ಷರ ಕಡಕ್ಕಾಗಿ ಕಾಣುತ್ತದೆ, ಸ್ಕ್ಯಾನ್ ಮಾಡಿದ ನಕಲಿನಲ್ಲಿ ಅಕ್ಷರವೂ ಚುಕ್ಕೆ ಚುಕ್ಕೆ ಆಗಿ ಒಡೆದಿರುತ್ತದೆ. ಆಮೇಲೆ ಮೂಲೆ ನೋಡಿ. ನಾಲ್ಕೂ ಮೂಲೆ ಒಂದೇ ಅಚ್ಚಿನ ಗುಂಡಗಿದ್ದರೆ ಮಷೀನಿನಲ್ಲಿ ಕತ್ತರಿಸಿದ್ದು, ಒಂದೊಂದು ಒಂದೊಂದು ಥರ ಇದ್ದರೆ ಕತ್ತರಿ ಕೆಲಸ.

ಇನ್ನೊಂದು ಅನುಮಾನದ ಗುರುತು ಎಂದರೆ ಪೂರ್ತಿ ಸೆಟ್ಟು, ಒಂದೂ ಸವೆದಿಲ್ಲ, ಫಳಫಳ ಹೊಳೆಯುತ್ತಿದೆ. ಹುಡುಗರ ಕೈಗೆ ಸಿಕ್ಕ ಕಾರ್ಡು ಹಾಗಿರುತ್ತದಾ? ಅಂಗಡಿಯಲ್ಲಿ ಮಾರಾಟವಾಗದೆ ಉಳಿದ ಮಾಲು ಹಾಗೆ ಇರಬಹುದು, ಆದರೆ ಅದಕ್ಕೂ ಅಂಚು ಹಳದಿ ಆಗಿರುತ್ತದೆ, ಹಳೆ ಕಾಗದದ ವಾಸನೆ ಇರುತ್ತದೆ.

ಹಂತ 5: ಮೊದಲು ಬರೆಯಿರಿ, ಆಮೇಲೆ ತೊಳೆಯಿರಿ

ಸಾಮಾನು ಕೈಗೆ ಬಂದ ದಿನವೇ ಫೋಟೋ ತೆಗೆಯಿರಿ. ಎರಡೂ ಬದಿ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು, ಕಿಟಕಿ ಬೆಳಕಿನಲ್ಲಿ. ಫ್ಲ್ಯಾಶ್ ಬೇಡ. ಒಂದು ನೋಟ್‌ಬುಕ್ಕಿನಲ್ಲೋ ಎಕ್ಸೆಲ್ ಹಾಳೆಯಲ್ಲೋ ನಂಬರ್, ಏನು, ಯಾರಿಂದ, ಯಾವ ಊರು, ಅವರು ಏನು ಹೇಳಿದರು, ಎಷ್ಟು ಕೊಟ್ಟಿರಿ, ಇಷ್ಟು ಬರೆಯಿರಿ. "ಅವರು ಏನು ಹೇಳಿದರು" ಅನ್ನುವ ಕಾಲಮ್ಮನ್ನು ಖಾಲಿ ಬಿಡಬೇಡಿ. ಚಿಂಚೋಳಿಯ ಒಂದು ಅಂಗಡಿಯಲ್ಲಿ ನಾಲ್ಕಾಣೆಗೆ ಎರಡು ಗಮ್ ಕೊಡುತ್ತಿದ್ದರು ಅನ್ನುವಂಥ ಮಾತು ಬೇರೆಲ್ಲೂ ಅಚ್ಚಾಗಿರುವುದಿಲ್ಲ. ಕಾರ್ಡಿನ ಮೇಲೆ ಮಾತ್ರ ಏನೂ ಬರೆಯಬೇಡಿ. ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಬರೆದು ಜೊತೆಗಿಡಿ.

ಈಗ ತೊಳೆಯುವುದು. ಪ್ಲಾಸ್ಟಿಕ್ ಆಟಿಕೆಗೆ ಉಗುರುಬೆಚ್ಚಗಿನ ನೀರು, ಎರಡು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಮೆತ್ತನೆ ಟೂತ್‌ಬ್ರಷ್. ಅಷ್ಟೇ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ದ್ರವ ಹಾಕಿದರೆ ಬಣ್ಣದ ಜೊತೆ ಪ್ರಾಣಿಯ ಮುಖವೂ ಹೋಗುತ್ತದೆ. ಟ್ಯಾಜೋವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಉಜ್ಜಬೇಡಿ. ಬಿಲ್ಲೆಯ ತುಕ್ಕನ್ನು ಒಣ ಬ್ರಷ್‌ನಿಂದ ಉದುರಿಸಿ, ನೀರು ತಾಗಿಸಬೇಡಿ. ನಿಂಬೆಹಣ್ಣು, ಹುಣಸೆಹಣ್ಣು ತಾಮ್ರದ ಕೊಡಕ್ಕೆ ಸರಿ, ಬಿಲ್ಲೆಯ ಮೇಲಿನ ಬಣ್ಣಕ್ಕೆ ಅಲ್ಲ. ಏನೇ ತೊಳೆದರೂ ನೆರಳಲ್ಲಿ ಒಣಗಿಸಿ. ನಮ್ಮ ಬಿಸಿಲಿಗೆ ಹಪ್ಪಳ ಒಣಗಿಸಿದಂತೆ ಟ್ಯಾಜೋ ಹರಡಿದರೆ ಸಂಜೆಗೆ ಬಟ್ಟಲಾಗಿರುತ್ತದೆ.

ಕಾಗದವನ್ನು ತೊಳೆಯುವುದೇ ಬೇಡ. ಮೆತ್ತನೆ ಬ್ರಷ್‌ನಿಂದ ಧೂಳು ತೆಗೆದರೆ ಸಾಕು. ಮರದ ಕಡ್ಡಿಪೆಟ್ಟಿಗೆಯಿಂದ ಲೇಬಲ್ ಬಿಡಿಸುವವರು ನೀರಲ್ಲಿ ತೇಲಿಸುತ್ತಾರೆ. ಆದರೆ ಹಳೆ ಕೆಂಪು ಶಾಯಿ ಬಿಡುತ್ತದೆ, ಮೊದಲು ಒಂದು ಮೂಲೆಗೆ ಒದ್ದೆ ಹತ್ತಿ ಒತ್ತಿ ನೋಡಿ. ನನ್ನ ಮಟ್ಟಿಗೆ ಪೆಟ್ಟಿಗೆ ಸಮೇತ ಇಡುವುದೇ ಚಂದ, ಕಡ್ಡಿ ಮಾತ್ರ ಖಾಲಿ ಮಾಡಿ. ಹರಿದಿದ್ದಕ್ಕೆ ಸೆಲೋಟೇಪ್, ಫೆವಿಕಾಲ್ ಬೇಡವೇ ಬೇಡ. ಲ್ಯಾಮಿನೇಷನ್ ಮಾಡಿಸಿದರೆ ಆ ಕಾರ್ಡಿನ ಕಥೆ ಅಲ್ಲಿಗೆ ಮುಗಿಯಿತು.

ಹುಳ ಹತ್ತಿದ ಆಲ್ಬಮ್ ಬಂದರೆ ಉಳಿದವುಗಳ ಜೊತೆ ಸೇರಿಸಬೇಡಿ. ಜಿಪ್ ಕವರಿನಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಫ್ರೀಜರಿನಲ್ಲಿ ಎರಡು ವಾರ ಇಡಿ. ಹೊರಗೆ ತೆಗೆದ ಮೇಲೆ ಒಂದು ದಿನ ಕವರ್ ಬಿಚ್ಚಬೇಡಿ. ತಣ್ಣಗಿದ್ದಾಗ ಬಿಚ್ಚಿದರೆ ಕಾಗದದ ಮೇಲೆಯೇ ನೀರು ಕೂರುತ್ತದೆ. ಫ್ರೀಜರಿನಲ್ಲಿ ಇದು ಯಾಕಿದೆ ಅಂತ ಮನೆಯವರಿಗೆ ಮೊದಲೇ ಹೇಳಿಡುವುದು ನಿಮ್ಮ ಜವಾಬ್ದಾರಿ.

ಹಂತ 6: ಈ ಬಿಸಿಲಿನಲ್ಲಿ ಎಲ್ಲಿ ಇಡುವುದು?

ಬೀದರಿನವರು ಸ್ವಲ್ಪ ಎತ್ತರದಲ್ಲಿದ್ದಾರೆ, ಸ್ವಲ್ಪ ತಂಪು. ಕಲಬುರಗಿ, ಯಾದಗಿರಿಯವರಿಗೆ ಮೇ ತಿಂಗಳಲ್ಲಿ 42 ಡಿಗ್ರಿ ದಾಟುವುದು ಹೊಸದೇನಲ್ಲ. ಅಟ್ಟ, ತಗಡಿನ ಶೀಟಿನ ಕೋಣೆ, ಪಶ್ಚಿಮದ ಗೋಡೆಗೆ ಆನಿಸಿದ ಕಬ್ಬಿಣದ ಕಪಾಟು ಮೂರೂ ಬೇಡ. ಹಳೆ ಶಹಾಬಾದ್ ಕಲ್ಲಿನ ಮನೆ ಇದ್ದರೆ ನೀವೇ ಪುಣ್ಯವಂತರು, ನಡುಮನೆಯ ಒಳಗೋಡೆಯ ಗೂಡಿಗಿಂತ ಒಳ್ಳೆ ಜಾಗ ಇಲ್ಲ. ಆದರೆ ನೆಲಕ್ಕೆ ತಾಗಿಸಿ ಇಡಬೇಡಿ, ಗೆದ್ದಲು ಬರುತ್ತದೆ.

ಕಾರ್ಡಿಗೆ ಪಾಲಿಪ್ರೊಪಿಲೀನ್ ಕವರ್ ಕೊಳ್ಳಿ. ಅಂತರರಾಷ್ಟ್ರೀಯ ಅಳತೆ 63 ಇಂಟು 88 ಮಿಲಿಮೀಟರ್, ಆನ್‌ಲೈನಿನಲ್ಲಿ ಸಿಗುವ ಕವರು ಆ ಅಳತೆಗೆ ಇರುತ್ತವೆ. ನಮ್ಮ ದೇಶದ ಕಾರ್ಡುಗಳು ಎಲ್ಲವೂ ಆ ಅಳತೆಗಿಲ್ಲ, ಅಳೆದು ತರಿಸಿ. ವಾಸನೆ ಹೊಡೆಯುವ ಮೆತ್ತನೆ ಪಿವಿಸಿ ಕವರ್, ಅಂಟು ಹಾಳೆಯ ಮದುವೆ ಫೋಟೋ ಆಲ್ಬಮ್ ಎರಡೂ ಶತ್ರು. ರಬ್ಬರ್ ಬ್ಯಾಂಡ್ ಎರಡು ಬೇಸಿಗೆ ಕಂಡರೆ ಕರಗಿ ಕಾರ್ಡಿಗೇ ಅಂಟಿಕೊಳ್ಳುತ್ತದೆ. ಡಾಂಬರು ಗುಳಿಗೆ ಸೀರೆಯ ಕಪಾಟಿನಲ್ಲೇ ಇರಲಿ, ಪ್ಲಾಸ್ಟಿಕ್ ಆಟಿಕೆಯ ಪಕ್ಕ ಇಟ್ಟರೆ ಕೆಲವು ಪ್ಲಾಸ್ಟಿಕ್ ಮೆತ್ತಗಾಗಿ ಅಂಟಾಗುತ್ತವೆ. ಮಳೆಗಾಲಕ್ಕೆ ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಹಾಕಿ.

ಮನೆಯಲ್ಲಿ ಕೂಸಿದ್ದರೆ ಸಣ್ಣ ಆಟಿಕೆ ಕೈಗೆ ಸಿಗದಂತೆ ಇಡಿ. ಬಾಯಿಗೆ ಹಾಕಿಕೊಂಡರೆ ಉಸಿರುಗಟ್ಟುತ್ತದೆ, ಹಳೆ ಬಣ್ಣದಲ್ಲಿ ಸೀಸವೂ ಇರಬಹುದು.

ಹಂತ 7: ರೇಟು, ಅದಲಿ ಬದಲಿ

2022ರಲ್ಲಿ ಹೋನಸ್ ವ್ಯಾಗ್ನರ್ ಅನ್ನುವ ಬೇಸ್‌ಬಾಲ್ ಆಟಗಾರನ ಹಳೆ ಸಿಗರೇಟ್ ಕಾರ್ಡು 72.5 ಲಕ್ಷ ಡಾಲರಿಗೆ ಹೋಯಿತು. ಆ ಸುದ್ದಿ ಓದಿ ನಿಮ್ಮ ಟ್ಯಾಜೋ ಡಬ್ಬಿಯನ್ನು ಬ್ಯಾಂಕ್ ಲಾಕರಿಗೆ ಇಡಬೇಡಿ. ನಮ್ಮ ಸಾಮಾನಿಗೆ ಮಾರುವವನು ಬರೆದ ರೇಟು ರೇಟಲ್ಲ, ನಿಜಕ್ಕೂ ಮಾರಾಟವಾದ ರೇಟು ನೋಡಿ. ಆನ್‌ಲೈನಿನಲ್ಲಿ ಕೊಳ್ಳುವಾಗ ವಸ್ತುವನ್ನು ಕೈಯಲ್ಲಿ ತಿರುಗಿಸುವ ವಿಡಿಯೋ ಕೇಳಿ, ಆ ದಿನದ ತಾರೀಖು ಬರೆದ ಚೀಟಿ ಪಕ್ಕದಲ್ಲಿರಲಿ. ನೀವು ಮಾರುವಾಗ "ದುಡ್ಡು ಬರಲು ಯುಪಿಐ ಪಿನ್ ಹಾಕಿ" ಅಂದರೆ ಫೋನ್ ಇಡಿ, ದುಡ್ಡು ಬರಲು ಪಿನ್ ಬೇಕಾಗುವುದೇ ಇಲ್ಲ. ದುಡ್ಡು ಹೋಗಿಬಿಟ್ಟರೆ ತಡಮಾಡದೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊಳ್ಳುವುದಕ್ಕಿಂತ ಅದಲಿ ಬದಲಿ ಮಾಡುವುದೇ ಮಜಾ. ಟ್ಯಾಜೋ ಹಿಂದಿನ ನಂಬರ್ ನೋಡಿ ನಿಮ್ಮ ಹತ್ತಿರ ಇಲ್ಲದ್ದರ ಪಟ್ಟಿ, ಎರಡೆರಡು ಇರುವುದರ ಪಟ್ಟಿ ಬೇರೆ ಬೇರೆ ಮಾಡಿ ಫೋನಿನಲ್ಲಿಡಿ. ಎರಡರಲ್ಲಿ ಯಾವುದನ್ನು ಕೊಡುವುದು ಅನ್ನುವಾಗ ಚಂದ ಇರುವುದನ್ನು ಕೊಡಿ, ಮನೆಯಲ್ಲಿ ಸಿಕ್ಕಿದ್ದನ್ನು ಇಟ್ಟುಕೊಳ್ಳಿ, ಅದು ಹರಿದಿದ್ದರೂ ಪರವಾಗಿಲ್ಲ. ಕೊಡುವಾಗ ಚೀಟಿಯ ಒಂದು ನಕಲನ್ನೂ ಜೊತೆಗೆ ಹಾಕಿ. ದೂರದವರಿಗಾದರೆ ಕವರಿನೊಳಗೆ ಕಾರ್ಡು, ಎರಡೂ ಬದಿಗೆ ಕಾರ್ಡಿಗಿಂತ ದೊಡ್ಡ ರಟ್ಟು, ರಟ್ಟಿಗೆ ಮಾತ್ರ ಟೇಪು, ಅದರ ಮೇಲೆ ಒಂದು ಪ್ಲಾಸ್ಟಿಕ್ ಹೊದಿಕೆ, ಸ್ಪೀಡ್ ಪೋಸ್ಟ್. ರಸೀದಿಯ ಫೋಟೋ ತೆಗೆದು ಆಗಲೇ ಕಳಿಸಿಬಿಡಿ, ಇಲ್ಲದಿದ್ದರೆ ಮೂರು ಹೊತ್ತೂ "ಕಳಿಸಿದ್ರಾ ಅಣ್ಣಾ" ಅಂತ ಮೆಸೇಜ್ ಬರುತ್ತಲೇ ಇರುತ್ತದೆ.